ಮೂರು ಮಡಿಕೆ ಸೀರೆ, ನಾಲ್ಕು ಉಂಡೆ ದಾರ: ಕೌದಿ ಸಾಮಾನಿಗೆ ಚಿಕ್ಕಪೇಟೆ ಹೇಗಿದೆ?

ಐದೂವರೆ ಮೀಟರ್ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ ಹಾಸಿ ನೋಡಿ. ಆರು ಅಡಿ ಉದ್ದ, ನಾಲ್ಕು ಅಡಿಗೆ ಸ್ವಲ್ಪ ಕಡಿಮೆ ಅಗಲ ಬರುತ್ತದೆ. ಒಬ್ಬರು ಕಾಲು ಚಾಚಿ ಮಲಗಿ ಹೊದ್ದುಕೊಳ್ಳಲು ಸರಿಯಾದ ಅಳತೆ. ಕತ್ತರಿ ಮುಟ್ಟಿಸುವ ಕೆಲಸವೇ ಇಲ್ಲ. ಹಳೇ ಸೀರೆ, ತುಂಡು ಬಟ್ಟೆ ಸೇರಿಸಿ ಕೈಯಲ್ಲಿ ಹೊಲಿಯುವ ಹೊದಿಕೆಯೇ ಕೌದಿ, ಅದಕ್ಕೆ ಇದೇ ತಳಪಾಯ. ಅವ್ವ ಇದನ್ನು ನನಗೆ ತೋರಿಸಿದಾಗ ನನಗೆ ಹತ್ತು ವರ್ಷ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಒಂದು ತುದಿ ಹಿಡಿದಿದ್ದಳು, ನಾನು ಇನ್ನೊಂದು ತುದಿ. ಮತ್ತೆ ಹಾಗೆ ಸೀರೆ ಹಾಸಿದ್ದು ಈ ವರ್ಷ, 63ನೇ ವಯಸ್ಸಿನಲ್ಲಿ, ಬೆಂಗಳೂರಿನ ಕೋಣನಕುಂಟೆ ಕ್ರಾಸ್ ಹತ್ತಿರದ ಎರಡು ರೂಮಿನ ಫ್ಲ್ಯಾಟಿನಲ್ಲಿ. ಇನ್ನೊಂದು ತುದಿ ಹಿಡಿದವರು ನಮ್ಮ ಯಜಮಾನರು.

ಕೌದಿಗೆ ಬೇಕಾದ ಸೂಜಿ, ದಾರ, ಕತ್ತರಿ ಎಲ್ಲವನ್ನೂ ನಾನು ಚಿಕ್ಕಪೇಟೆಯಿಂದಲೇ ತಂದೆ. ಅರವತ್ತು ದಾಟಿದವರು, ಮಂಡಿ ನೋವು, ಕಣ್ಣಿನ ತೊಂದರೆ ಇರುವವರು ಅಲ್ಲಿಗೆ ಹೋಗಿ ಕೈಕೆಲಸದ ಸಾಮಾನು ತರಬಹುದಾ, ಯಾವುದು ಕೊಳ್ಳಬೇಕು, ಯಾವುದು ಬೇಡ ಎಂದು ಬರೆಯುತ್ತಿದ್ದೇನೆ. ನಾನು ಹೊರಡುವ ಮುಂಚೆ ಇದನ್ನು ಯಾರಾದರೂ ಹೇಳಿದ್ದರೆ ನನಗೆ ಒಂದು ಓಡಾಟ ಉಳಿಯುತ್ತಿತ್ತು.

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ನಾನು 1984ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದವಳು. 2020ರ ಜನವರಿ 31ಕ್ಕೆ ಬಿಎಸ್ಎನ್ಎಲ್‌ನಲ್ಲಿ ದೇಶದ ತುಂಬ ಸಾವಿರಾರು ಜನ ಒಟ್ಟಿಗೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡು ಹೊರಬಂದರಲ್ಲ, ಅವರಲ್ಲಿ ನಾನೂ ಒಬ್ಬಳು. ಎರಡು ತಿಂಗಳು ಕಳೆಯುವುದರೊಳಗೆ ಲಾಕ್‌ಡೌನ್ ಬಂತು. ಮೂವತ್ತಾರು ವರ್ಷ ಬೆಳಿಗ್ಗೆ ಏಳು ಗಂಟೆಗೆ ಡಬ್ಬಿ ಕಟ್ಟಿಕೊಂಡು ಓಡಿದ ಜೀವ ಇದ್ದಕ್ಕಿದ್ದಂತೆ ಸೋಫಾ ಮೇಲೆ ಕೂತುಬಿಟ್ಟಿತು. ಆಮೇಲೆ ಲಾಕ್‌ಡೌನ್ ಹೋಯಿತು, ನಾನು ಮಾತ್ರ ಸೋಫಾ ಬಿಟ್ಟು ಏಳಲಿಲ್ಲ. ಮಧ್ಯಾಹ್ನ ಊಟ ಆದರೆ ಸಂಜೆ ಐದರವರೆಗೆ ನಿದ್ದೆ. ಎದ್ದರೆ ತಲೆ ಭಾರ. ಕಾಯಿಲೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಯಾವ ಕೆಲಸಕ್ಕೂ ಕೈ ಏಳುತ್ತಿರಲಿಲ್ಲ, ಅಷ್ಟೆ.

ಮಲ್ಲೇಶ್ವರದಲ್ಲಿ ನಾವಿದ್ದದ್ದು ದೊಡ್ಡ ಬಾಡಿಗೆ ಮನೆ. ಮಗಳು ಮೈಸೂರಿಗೆ ಹೋದ ಮೇಲೆ ಎರಡು ರೂಮಿಗೆ ಸುಮ್ನೆ ಕಸ ಹೊಡೆಯುತ್ತಿದ್ದೆವು. ಮೆಟ್ಟಿಲು ಹತ್ತುವುದು ಇಬ್ಬರಿಗೂ ಕಷ್ಟ ಆಯಿತು. ಹೋದ ವರ್ಷ ಲಿಫ್ಟ್ ಇರುವ ಈ ಚಿಕ್ಕ ಫ್ಲ್ಯಾಟಿಗೆ ಬರುವುದು ಎಂದು ತೀರ್ಮಾನವಾಯಿತು. ಆಗಲೇ ಗೊತ್ತಾಗಿದ್ದು, ನಮ್ಮ ಹತ್ತಿರ ಏನೆಲ್ಲ ಇದೆ ಎಂದು.

ಪುಸ್ತಕಗಳಿಂದ ಶುರು ಮಾಡಿದೆವು. ಯಜಮಾನರು ನಾಲ್ಕು ಚೀಲ ಹಿಡಿದುಕೊಂಡು ಚರ್ಚ್ ಸ್ಟ್ರೀಟಿನ ಬ್ಲಾಸಮ್ ಪುಸ್ತಕದಂಗಡಿಗೆ ಹೋದರು. ಎರಡು ಚೀಲ ಅವರು ತೆಗೆದುಕೊಂಡರು. ಉಳಿದ ಎರಡು ಬೀದಿಯ ಕೊನೆಯ ಹಳೇ ಪೇಪರ್ ಅಂಗಡಿಗೆ ಹೋದವು. ಹಿತ್ತಾಳೆ ಹಂಡೆ, ಪರಾತ, ಕೊಳದಪ್ಪಲೆ ತೂಕಕ್ಕೆ ಹೋದವು. ಹಂಡೆ ತಕ್ಕಡಿಗೆ ಏರಿದಾಗ ನಾನು ಒಳಗೆ ಹೋಗಿ ನಿಂತುಕೊಂಡೆ. ನೋಡಲು ಆಗಲಿಲ್ಲ.

ಸೀರೆಗಳ ಕಥೆ ಬೇರೆ. ಎಣಿಸಿದರೆ 112. ಅದರ ಜೊತೆ ಎರಡು ಸೂಟ್‌ಕೇಸ್ ತುಂಬ ಬ್ಲೌಸ್ ಪೀಸ್. ಅರಿಶಿನ ಕುಂಕುಮಕ್ಕೆ, ಮದುವೆಗೆ, ಗೃಹಪ್ರವೇಶಕ್ಕೆ ಹೋದಾಗಲೆಲ್ಲ ತಾಂಬೂಲದ ಜೊತೆ ಕೊಟ್ಟಿದ್ದು. ಇವು ಎಲ್ಲರ ಮನೆಯಲ್ಲೂ ಇವೆ, ಅಲ್ವಾ? ಯಾರೂ ಹೊಲಿಸುವುದಿಲ್ಲ, ಯಾರೂ ಬಿಸಾಡುವುದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಾ ಇರುತ್ತವೆ. ಅವುಗಳ ನಡುವೆ ಅವ್ವನ ಗುಳೇದಗುಡ್ಡ ಕಣಗಳು, ಅಂದರೆ ಕುಪ್ಪಸದ ಬಟ್ಟೆಗಳು, ಹತ್ತು ಸಿಕ್ಕವು. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿತ್ತು. ಉಳಿದ ಕಡೆ ಮೊನ್ನೆ ಮಗ್ಗದಿಂದ ಇಳಿದ ಹಾಗಿತ್ತು.

ಅರ್ಧದಷ್ಟು ಸೀರೆ ಬೇಕಾದವರಿಗೆ ಕೊಟ್ಟೆ. ಉಳಿದವುಗಳಲ್ಲಿ ಮೂರು ರೇಷ್ಮೆ ಸೀರೆ ಜರಿ ಹರಿದು ಉಡಲು ಬಾರದ ಹಾಗಿದ್ದವು. ಅವನ್ನು ಹಿಡಿದುಕೊಂಡು ಅವೆನ್ಯೂ ರೋಡಿಗೆ ಹೋದೆ. ಹಳೇ ಜರಿ ಸೀರೆ ಕೊಳ್ಳುವ ಬೋರ್ಡುಗಳನ್ನು ನೀವೂ ನೋಡಿರುತ್ತೀರಿ. ಮೊದಲು ಹೋದ ಅಂಗಡಿಯವರು ಸೀರೆ ಪೂರ್ತಿ ಬಿಚ್ಚಲೂ ಇಲ್ಲ. “ಟೆಸ್ಟೆಡ್ ಜರಿ ಅಮ್ಮಾ, ಒಂದಕ್ಕೆ ಮುನ್ನೂರು ಕೊಡಬಹುದು” ಎಂದರು. ಟೆಸ್ಟೆಡ್ ಜರಿ ಅಂದರೆ ಬೆಳ್ಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇರುವುದು. ನನಗೆ ಅನುಮಾನ. ಎರಡನೇ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಕನ್ನಡಕ ಹಾಕಿಕೊಂಡು, ಅಂಚಿನಿಂದ ಒಂದು ಎಳೆ ಬಿಡಿಸಿ, ಉಗುರಿನಿಂದ ಲೋಹದ ಸುರುಳಿ ಸರಿಸಿ, ಒಳಗಿನ ಕೆಂಪು ರೇಷ್ಮೆ ಎಳೆ ತೋರಿಸಿದರು. “ಇದು ಬೆಳ್ಳಿ ಜರಿ ಅಮ್ಮಾ, ಎರಡು ಸೀರೆ ಅಸಲಿ. ಒಂದು ಮಾತ್ರ ಟೆಸ್ಟೆಡ್.” ಕೊಟ್ಟ ದುಡ್ಡು ಮೊದಲನೆಯವರು ಹೇಳಿದ್ದರ ಹದಿನೈದು ಪಟ್ಟಿಗಿಂತ ಜಾಸ್ತಿ. ಕೈಯಲ್ಲಿ 14 ಸಾವಿರ ಹಿಡಿದು ಹೊರಗೆ ಬಂದೆ. ನಿಮ್ಮ ಹತ್ತಿರ ಹಳೇ ಜರಿ ಸೀರೆ ಇದ್ದರೆ ದಯವಿಟ್ಟು ಕಡಿಮೆ ಅಂದರೆ ಮೂರು ಕಡೆ ಕೇಳಿ. ಸರ್ಕಾರಿ ಸಂಸ್ಥೆ ಕೆಎಸ್ಐಸಿಯ ಮೈಸೂರು ರೇಷ್ಮೆ ಆದರಂತೂ ಅವಸರ ಬೇಡ. ಅದರ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ.

ಆ ದುಡ್ಡನ್ನು ಮನೆ ಖರ್ಚಿಗೆ ಸೇರಿಸಬಾರದು ಅಂತ ಅಲ್ಲೇ ರಸ್ತೆಯಲ್ಲಿ ನಿಂತು ತೀರ್ಮಾನ ಮಾಡಿದೆ. ನನ್ನ ಸೀರೆಯ ದುಡ್ಡು, ನನಗೇ ಖರ್ಚಾಗಬೇಕು. ಮೂವತ್ತಾರು ವರ್ಷ ಸಂಬಳ ತಂದವಳು ನಾನು. ನನಗೆ ಅಂತಲೇ, ನನ್ನ ಆಸೆಗೆ ಅಂತ ಏನು ತಂದೆ ಎಂದು ಯೋಚಿಸಿದರೆ ತಕ್ಷಣ ಏನೂ ನೆನಪಾಗಲಿಲ್ಲ. ಮನೆಯಲ್ಲಿ ಮೂವತ್ತು ಕಾಟನ್ ಸೀರೆ, ಎರಡು ಸೂಟ್‌ಕೇಸ್ ಬ್ಲೌಸ್ ಪೀಸ್ ಕಾಯುತ್ತಿದ್ದವು. ಕೌದಿಯ ಯೋಚನೆ ಬಂದದ್ದು ಅವೆನ್ಯೂ ರೋಡಿನ ಆ ಫುಟ್‌ಪಾತ್ ಮೇಲೆ.

ಆದರೆ ಅವತ್ತೇ ದಾರ ಕೊಳ್ಳಲಿಲ್ಲ. ಮನೆಗೆ ಹೋಗಿ ಫೋನಿನಲ್ಲಿ ತರಿಸಿದೆ. ಅದೇ ನಾನು ಮಾಡಿದ ತಪ್ಪು. ‘ಕೈಕೆಲಸದ ಪೂರ್ತಿ ಸೆಟ್’ ಎಂದು ಬಂದ ಡಬ್ಬಿಯಲ್ಲಿ ನೂರು ಲಡಿ ದಾರ, ಬಿದಿರಿನ ರಿಂಗುಗಳು, ಮೂವತ್ತು ಸೂಜಿ. ದಾರ ಎಳೆದರೆ ನಯವಾಗಿ ಬರದೆ ಜಗ್ಗುತ್ತಿತ್ತು, ಎರಡನೇ ದಿನಕ್ಕೆ ಎಳೆ ಕಿತ್ತು ನೂಲು ನೂಲಾಯಿತು. ಒದ್ದೆ ಬಟ್ಟೆಯಿಂದ ಒರೆಸಿದರೆ ಕೆಂಪು, ನೀಲಿ ಎರಡೂ ಬಣ್ಣ ಬಿಟ್ಟವು. ಜೊತೆಗೆ ತರಿಸಿದ ಭೂತಗನ್ನಡಿ ಲ್ಯಾಂಪಿನ ಗಾಜಿನ ಮೇಲೆ ಗೀರು. ವಾಪಸ್ ಮಾಡಲು ಹನ್ನೊಂದು ದಿನ ಹಿಡಿಯಿತು. ಕೈಯಲ್ಲಿ ಮುಟ್ಟಿ ನೋಡದೆ ದಾರ ಕೊಳ್ಳಬೇಡಿ. ಇದೊಂದು ಮಾತು ನೆನಪಿಟ್ಟರೆ ಸಾಕು.

ಆಮೇಲೆ ಒಂದು ಮಂಗಳವಾರ ಚಿಕ್ಕಪೇಟೆಗೇ ಹೊರಟೆ. ನಮ್ಮ ಸ್ಟೇಷನ್‌ನಿಂದ ಹಸಿರು ಮಾರ್ಗದಲ್ಲಿ ಕೂತರೆ ಎಲ್ಲೂ ರೈಲು ಬದಲಿಸುವ ಕೆಲಸವಿಲ್ಲ. ಹತ್ತನೇ ಸ್ಟೇಷನ್ ಚಿಕ್ಕಪೇಟೆ. ನ್ಯಾಷನಲ್ ಕಾಲೇಜು ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ, ಅಲ್ಲಿಂದ ಎರಡನೆಯದು. ನೆಲದಡಿಯ ಈ ಭಾಗ ಶುರುವಾದದ್ದು 2017ರ ಜೂನ್‌ನಲ್ಲಿ. ಅದಕ್ಕೂ ಮುಂಚೆ ಚಿಕ್ಕಪೇಟೆ ಅಂದರೆ ಮಾರ್ಕೆಟ್ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಬೇಕಿತ್ತು. ಈಗ ಲಿಫ್ಟಿನಲ್ಲಿ ಮೇಲೆ ಬಂದರೆ ಪೇಟೆಯೊಳಗೇ ಇರುತ್ತೀರಿ. ಬಸ್ಸೇ ಇಷ್ಟ ಅನ್ನುವ ಹೆಂಗಸರಿಗೆ ಶಕ್ತಿ ಯೋಜನೆ ಇದೆ, ಕೆ.ಆರ್. ಮಾರ್ಕೆಟ್‌ವರೆಗೆ ಟಿಕೆಟ್ ದುಡ್ಡೂ ಇಲ್ಲ. ನನಗೆ ಮಂಡಿಯ ದೃಷ್ಟಿಯಿಂದ ಮೆಟ್ರೋ ವಾಸಿ. ಇನ್ನೊಂದು ಮಾತು, ನಮ್ಮ ವಯಸ್ಸಿನವರಿಗೆ ಇದು ಮುಖ್ಯ: ಶೌಚಾಲಯಕ್ಕೆ ಸ್ಟೇಷನ್‌ನಲ್ಲೇ ಹೋಗಿಬನ್ನಿ. ಪೇಟೆಯೊಳಗೆ ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಹನ್ನೊಂದು ಗಂಟೆಗೆ ಮುಂಚೆ ಹೋಗಿ ಪ್ರಯೋಜನವಿಲ್ಲ. ನಾನು ಹತ್ತಕ್ಕೆ ಹೋಗಿ, ಅರ್ಧ ಅಂಗಡಿಗಳ ಶಟರ್ ನೋಡಿಕೊಂಡು ನಿಂತಿದ್ದೆ. ಹನ್ನೊಂದರಿಂದ ಒಂದರವರೆಗೆ ಒಳ್ಳೆಯ ಹೊತ್ತು. ಗಿರಾಕಿ ಕಡಿಮೆ, ಅಂಗಡಿಯವರಿಗೂ ತಾಳ್ಮೆ ಇರುತ್ತದೆ. ಸಂಜೆ ಮಾತ್ರ ಬೇಡ. ಸ್ಕೂಟರ್, ಮೂಟೆ ಹೊತ್ತವರು, ತಳ್ಳುಗಾಡಿ ಎಲ್ಲ ಒಂದೇ ಸಂದಿಯಲ್ಲಿ. ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ. ಚಪ್ಪಡಿ ಕಲ್ಲುಗಳು ಅಲ್ಲಲ್ಲಿ ಎದ್ದಿವೆ.

ರಾಜಾ ಮಾರ್ಕೆಟ್ ಸುತ್ತಮುತ್ತ ಮಣಿ, ಲೇಸು, ಗುಂಡಿ, ದಾರದ ಅಂಗಡಿಗಳು ಒತ್ತೊತ್ತಾಗಿವೆ. ಮೊದಲನೇ ಅಂಗಡಿಯಲ್ಲಿ ಬಿಡಿಯಾಗಿ ಕೊಡುವುದಿಲ್ಲ, ಪೂರ್ತಿ ಡಬ್ಬಿಯೇ ತೆಗೆದುಕೊಳ್ಳಿ ಎಂದರು. ಮುಂದೆ ಹೋದೆ. ಎರಡನೆಯದು ಎಂಟು ಅಡಿ ಅಗಲವೂ ಇಲ್ಲದ ಮಳಿಗೆ. ನೆಲದಿಂದ ಸೂರಿನವರೆಗೆ ಚಿಕ್ಕ ಚಿಕ್ಕ ಡ್ರಾಯರ್. ಪ್ರತಿಯೊಂದರ ಮೇಲೂ ಒಂದು ಎಳೆ ದಾರ ಅಂಟಿಸಿದ್ದಾರೆ, ಒಳಗೆ ಯಾವ ಬಣ್ಣ ಇದೆ ಎಂದು ತಿಳಿಯಲು. ನಾನು ಬೇಸ್ ಸೀರೆಯ ಒಂದು ಚೂರು ತೆಗೆದುಕೊಂಡು ಹೋಗಿದ್ದೆ. ಕಡುನೀಲಿ. ಅಂಗಡಿಯವರು ಮೂರು ಡ್ರಾಯರ್ ಎಳೆದು ಮೂರು ಉಂಡೆ ಇಟ್ಟರು. ನನ್ನ ಕಣ್ಣಿಗೆ ಮೂರೂ ಒಂದೇ. ಎರಡು ವರ್ಷದ ಹಿಂದೆ ಪೊರೆ ತೆಗೆಸಿದ್ದೇನೆ, ಆದರೂ ಟ್ಯೂಬ್‌ಲೈಟಿನಲ್ಲಿ ನೀಲಿ ಯಾವುದು, ಕಪ್ಪು ಯಾವುದು ಹೇಳಲಾಗಲಿಲ್ಲ. ಅವರು ಏನೂ ಮಾತಾಡದೆ ಉಂಡೆ, ಬಟ್ಟೆ ಎರಡನ್ನೂ ಕೈಗೆತ್ತಿಕೊಂಡು, ಮಳಿಗೆಯಿಂದ ಇಳಿದು, ಬಿಸಿಲು ಬೀಳುವ ಜಾಗಕ್ಕೆ ಹೋಗಿ ನಿಂತರು. “ಬನ್ನಿ ಅಮ್ಮಾ, ಇಲ್ಲಿ ನೋಡಿ” ಎಂದರು. ಬಿಸಿಲಿನಲ್ಲಿ ಒಂದು ಕಪ್ಪು, ಒಂದು ನೇರಳೆ ಮಿಶ್ರ, ಒಂದು ಸರಿಯಾದ ನೀಲಿ. ನಾಲ್ಕು ಉಂಡೆ ದಾರದ ಗಿರಾಕಿಗೆ ಅಂಗಡಿ ಬಿಟ್ಟು ಬಂದು ಬಿಸಿಲಲ್ಲಿ ನಿಂತರು ಅವರು. ಈ ಒಂದು ಕಾರಣಕ್ಕೆ ನಾನು ಚಿಕ್ಕಪೇಟೆಗೆ ಪೂರ್ತಿ ಅಂಕ ಕೊಡಲು ತಯಾರಿದ್ದೆ.

ಈಗ ದಾರದ ವಿಷಯ. ನಾನು ಕೊಂಡಿದ್ದು ಆಂಕರ್ ಕಂಪನಿಯ ಪರ್ಲ್ ಕಾಟನ್, 8ನೇ ನಂಬರ್. ಹತ್ತು ಗ್ರಾಂ ತೂಕದ ಪುಟ್ಟ ಉಂಡೆ, ಒಂದರಲ್ಲಿ ಸುಮಾರು 85 ಮೀಟರ್ ಇರುತ್ತದೆ. ಎಂಬ್ರಾಯಿಡರಿಗೆ ನಾವೆಲ್ಲ ಶಾಲೆಯಲ್ಲಿ ಬಳಸಿದ ಲಡಿ ಬೇರೆ. ಅದರಲ್ಲಿ ಆರು ಎಳೆ ಇರುತ್ತದೆ, ಎಂಟು ಮೀಟರ್ ಉದ್ದ. ಕೌದಿಗೆ ಅದು ಸಾಲುವುದೂ ಇಲ್ಲ, ಎಳೆ ಬಿಚ್ಚಿಕೊಂಡು ಕಾಟ ಕೊಡುತ್ತದೆ. ಪರ್ಲ್ ದಾರ ಹುರಿ ಹಾಕಿದ್ದು, ಗುಂಡಗೆ ಇರುತ್ತದೆ, ಹೊಲಿಗೆ ಬಟ್ಟೆಯ ಮೇಲೆ ಎದ್ದು ಕಾಣುತ್ತದೆ. ನಂಬರ್ ಜಾಸ್ತಿ ಆದಷ್ಟೂ ದಾರ ತೆಳು. 5 ದಪ್ಪ, 12 ತೀರಾ ಸಣ್ಣ. ಸೂಜಿಗೂ ಇದೇ ಲೆಕ್ಕ.

ಎಷ್ಟು ಬೇಕು? ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ ಇಟ್ಟರೆ ಒಂದು ಸೀರೆಯ ಕೌದಿಗೆ ನೂರನಲವತ್ತು ಮೀಟರ್ ಹತ್ತಿರ ಹೊಲಿಗೆ ಬೀಳುತ್ತದೆ. ದಾರ ಮೇಲೆ ಕೆಳಗೆ ಹೋಗುವುದರಿಂದ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಖರ್ಚು. ಗಂಟು, ತುದಿ ಎಲ್ಲ ಸೇರಿ ನನಗೆ ಎರಡು ಉಂಡೆ ಮುಗಿದು ಮೂರನೆಯದು ತೆಗೆಯಬೇಕಾಯಿತು. ಮೂರೂ ಒಂದೇ ದಿನ ಕೊಂಡುಬಿಡಿ. ಅದೇ ನಂಬರ್ ಆದರೂ ಬೇರೆ ಬಾರಿ ಬಣ್ಣಕ್ಕೆ ಅದ್ದಿದ ದಾರದಲ್ಲಿ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು ಎಂದು ಅಂಗಡಿಯವರೇ ಹೇಳಿದರು. ನಾಲ್ಕನೇ ಉಂಡೆ ಅರಿಶಿನ ಬಣ್ಣದ್ದು, ಅಂಚಿಗೆ.

ಸೂಜಿಗೆ ದಬ್ಬಣ ಬೇಡ. ಅವ್ವ ಹೊಲಿಯುತ್ತಿದ್ದ ಕೌದಿ ಏಳೆಂಟು ಪದರದ್ದು, ಧಾರವಾಡದ ಚಳಿಗೆ. ನಮ್ಮ ಬೆಂಗಳೂರಿಗೆ ಮೂರು ಪದರ ಸೀರೆ, ಮೇಲೊಂದು ಪದರ ತುಂಡು ಬಟ್ಟೆ ಸಾಕು. ಅದಕ್ಕೆ ಪೋನಿ ಕಂಪನಿಯ ಎಂಬ್ರಾಯಿಡರಿ ಸೂಜಿ 5ನೇ ನಂಬರ್ ಸರಿಹೋಯಿತು. ಕಣ್ಣು ಉದ್ದಕ್ಕಿದೆ, ದಾರ ಪೋಣಿಸಲು ಸುಲಭ. ಬೆರಳಿಗೆ ಹಾಕುವ ಸ್ಟೀಲಿನ ಟೋಪಿ ಎರಡು ತಂದೆ. ನನಗೆ ಸಂಧಿ ನೋವಿನಿಂದ ಬೆರಳ ಗಿಣ್ಣು ದಪ್ಪ, ಮಧ್ಯಮ ಸೈಜು ಒಳಗೇ ಹೋಗಲಿಲ್ಲ. ಅಂಗಡಿಯಲ್ಲೇ ಹಾಕಿ ನೋಡಿ. ಟೋಪಿ ಇಲ್ಲದೆ ನಾಲ್ಕು ಪದರಕ್ಕೆ ಸೂಜಿ ತಳ್ಳಿದರೆ ಮೂರನೇ ದಿನ ಬೆರಳ ತುದಿ ತೂತಾಗುತ್ತದೆ.

ಕತ್ತರಿ ಮಾತ್ರ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ. ಮೀರತ್ ಕತ್ತರಿ, ಎಂಟು ಇಂಚು. ಮೀರತ್‌ನಲ್ಲಿ ಕತ್ತರಿ ಕೆಲಸ ತಲೆತಲಾಂತರದ್ದು, ಅದು ಆ ಊರಿನದೇ ಎನ್ನುವ ಜಿಐ ಗುರುತೂ ಇದೆ. ಹತ್ತು ಇಂಚಿನದು ಕೈಗೆತ್ತಿಕೊಂಡರೆ ಮಣಿಕಟ್ಟಿಗೆ ಭಾರ. ಎಂಟು ಇಂಚಿನದು ಹಿಡಿತಕ್ಕೆ ಸರಿಯಾಗಿ ಕೂರುತ್ತದೆ. ಬಟ್ಟೆ ಕತ್ತರಿಸುವಾಗ ಆ ‘ಕರ್ರ್’ ಶಬ್ದ ಕೇಳಬೇಕು ನೀವು. ಹಾಳೆ, ಪ್ಲಾಸ್ಟಿಕ್ ಕವರ್ ಏನೂ ಅದರಲ್ಲಿ ಕತ್ತರಿಸಬಾರದೆಂದು ಮನೆಯಲ್ಲಿ ಹೇಳಿಟ್ಟಿದ್ದೇನೆ. ಮೊಂಡಾದರೆ ಸಾಣೆ ಹಿಡಿಸಿಕೊಂಡರೆ ಆಯಿತು, ಇದು ನನ್ನ ಮಗಳ ಕಾಲಕ್ಕೂ ಬರುತ್ತದೆ.

ಇಷ್ಟಕ್ಕೂ ಸೇರಿ 1,140 ರೂಪಾಯಿ. ಆಮೇಲೆ ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನಕ್ಕೆ ನಡೆದು ಹೋಗಿ ಸಾಗು ಮಸಾಲೆ ದೋಸೆ ತಿಂದೆ. ಒಬ್ಬಳೇ. ಹೋಟೆಲಿನಲ್ಲಿ ಒಬ್ಬಳೇ ಕೂತು, ಯಾರಿಗೂ ಅವಸರ ಮಾಡದೆ, ಯಾರ ತಟ್ಟೆಯನ್ನೂ ನೋಡಿಕೊಳ್ಳದೆ ತಿಂದದ್ದು ಎಷ್ಟು ವರ್ಷವಾಗಿತ್ತೋ. ದೋಸೆಯ ಮಡಿಕೆ ಬಿಡಿಸಿದರೆ ಒಳಗೆ ಬಿಸಿ ಸಾಗು. ಮೇಲೊಂದು ಕಾಫಿ. ಪಕ್ಕದ ಕುರ್ಚಿಯ ಮೇಲೆ ಕತ್ತರಿ, ದಾರದ ಪೊಟ್ಟಣ. ಅವತ್ತು ಮನೆಗೆ ಬಂದಾಗ ಎರಡೂವರೆ ಗಂಟೆ. ನಿದ್ದೆ ಬರಲಿಲ್ಲ. ನೇರ ಸೀರೆ ಹಾಸಿದೆ.

ಜರಿ ದುಡ್ಡಿನಲ್ಲಿ ಇನ್ನೆರಡು ವಸ್ತು ಬಂದವು. ಒಂದು ಬೆತ್ತದ ಕುರ್ಚಿ. ಕೈಯಿಡುವ ಹಿಡಿಕೆ ಎತ್ತರ ಇದ್ದರೆ ಮೊಣಕೈ ಆಡುವುದಿಲ್ಲ, ಹಿಡಿಕೆಯೇ ಇಲ್ಲದಿದ್ದರೆ ಏಳುವಾಗ ಮಂಡಿಗೆ ಆಧಾರವಿಲ್ಲ. ಹಾಗಾಗಿ ಹಿಡಿಕೆ ತಗ್ಗಾಗಿರುವುದನ್ನು ಹುಡುಕಿ ತಂದೆ. ಇನ್ನೊಂದು ನಿಲ್ಲಿಸುವ ಲ್ಯಾಂಪು. ಈ ಸಲ ಅಂಗಡಿಗೆ ಹೋಗಿ, ಹಚ್ಚಿ ನೋಡಿ ತಂದೆ. ಹಳದಿ ಬೆಳಕಿನ ಬಲ್ಬ್ ಬೇಡ, ಬಿಳಿ ಬೆಳಕಿನದೇ ಬೇಕು. ಹಳದಿ ಬೆಳಕಿನಲ್ಲಿ ಕಡುನೀಲಿ, ಕಪ್ಪು ಒಂದೇ ಆಗಿಬಿಡುತ್ತವೆ. ಬೆಳಕು ಎಡಗಡೆಯಿಂದ ಬೀಳುವ ಹಾಗೆ ಇಡಿ, ಬಲಗೈಯ ನೆರಳು ಹೊಲಿಗೆ ಮೇಲೆ ಬರುವುದಿಲ್ಲ. ಕುರ್ಚಿ ಹಿಡಿಸಲು ಹಾಲಿನಲ್ಲಿ ಜಾಗ ಎಲ್ಲಿತ್ತು ಅಂದರೆ, ಮಲ್ಲೇಶ್ವರದಿಂದ ತಂದ ಶೋಕೇಸ್ ಕೊಟ್ಟುಬಿಟ್ಟೆವು. ಇಪ್ಪತ್ತೆಂಟು ವರ್ಷ ಅದರ ಗಾಜು ಒರೆಸಿದ್ದೆ. ಅದು ನಿಂತಿದ್ದ ಮೂಲೆಗೆ ಕಿಟಕಿಯ ಬೆಳಕು ಬೀಳುತ್ತದೆ ಎಂದು ಅದು ಹೋದ ಮೇಲೆ ಗೊತ್ತಾಯಿತು.

ಹೊಲಿಯುವ ಕ್ರಮ ಸ್ವಲ್ಪ ಹೇಳುತ್ತೇನೆ. ಸೀರೆಯನ್ನು ಮೂರು ಮಡಿಕೆ ಮಾಡಿ ಮಂಚದ ಮೇಲೆ ಹಾಸಿ, ಸುಕ್ಕು ತೆಗೆದು, ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿಬಿಡಬೇಕು. ಇದಕ್ಕೆ ಸೋಮಾರಿತನ ಮಾಡಬೇಡಿ. ಪದರ ಜರುಗಿದರೆ ಕೊನೆಗೆ ಒಂದು ಮೂಲೆ ಉಬ್ಬಿ ನಿಲ್ಲುತ್ತದೆ. ಆಮೇಲೆ ತುಂಡುಗಳನ್ನು ಜೋಡಿಸಿ, ಹೊರ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವುದು. ಒಂದು ಮಾರಿಗಿಂತ ಉದ್ದ ದಾರ ತೆಗೆದುಕೊಂಡರೆ ಸಿಕ್ಕಾಗುತ್ತದೆ. ಕಾಟನ್ ಸೀರೆಯೇ ಆಗಬೇಕು. ಜಾರ್ಜೆಟ್, ನೈಲೆಕ್ಸ್ ಜಾರುತ್ತವೆ, ಬೆವರೂ ಹೀರುವುದಿಲ್ಲ. ಸೂಟ್‌ಕೇಸಿನ ಬ್ಲೌಸ್ ಪೀಸ್‌ಗಳಲ್ಲಿ ಟೂ ಬೈ ಟೂ ಕಾಟನ್ ಒಳ್ಳೆಯದು, ಹೊಳಪಿನ ಪಾಲಿಸ್ಟರ್ ತೆಗೆದಿಡಿ. ಹೊಸ ಬಟ್ಟೆಯನ್ನು ನೆನೆಸಿ ಒಣಗಿಸದೆ ಮುಟ್ಟಬೇಡಿ. ನಾನು ಒಂದು ಕೆಂಪು ಪೀಸ್ ಹಾಗೇ ಹೊಲಿದುಬಿಟ್ಟೆ. ಅದರ ಮೇಲೆ ಕಾಫಿ ಹನಿ ಬಿತ್ತೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪಕ್ಕದ ಕೆನೆಬಣ್ಣದ ತುಂಡು ಗುಲಾಬಿ ಆಯಿತು. ಎರಡನ್ನೂ ಬಿಚ್ಚಿ ತೆಗೆಯಲು ಎರಡು ದಿನ ಹೋಯಿತು.

ನಮ್ಮನೆಯಲ್ಲಿ ಒಂದು ಪದ್ಧತಿ ತಾನಾಗಿಯೇ ಬಂದಿದೆ. ಬೆಳಿಗ್ಗೆ ಕಾಫಿ ಆದ ಮೇಲೆ ಯಜಮಾನರು ಕಿಟಕಿ ಹತ್ತಿರ ಕೂತು ಆರು ಸೂಜಿಗೆ ದಾರ ಪೋಣಿಸಿ ಇಡುತ್ತಾರೆ. ಅವರ ಕಣ್ಣು ನನ್ನದಕ್ಕಿಂತ ಚುರುಕು. ಮೈಸೂರು ಸ್ಯಾಂಡಲ್ ಸೋಪು ಸವೆದು ಚೂರಾದ ಮೇಲೆ ಅದನ್ನು ಒಣಗಿಸಿ, ಸೂಜಿಗಳನ್ನು ಅದಕ್ಕೆ ಸಾಲಾಗಿ ಚುಚ್ಚುತ್ತಾರೆ. ಸೋಪು ಸವರಿದ ಸೂಜಿ ನಾಲ್ಕು ಪದರದಲ್ಲೂ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಸೋಪು ಹಸಿ ಇದ್ದರೆ ಮಾತ್ರ ಸೂಜಿಗೆ ತುಕ್ಕು ಹಿಡಿಯುತ್ತದೆ, ಜೋಪಾನ. ದಿನಕ್ಕೆ ಆರೇ ಸೂಜಿ. ಆರು ಮುಗಿದರೆ ಅವತ್ತಿನ ಕೆಲಸ ಮುಗಿಯಿತು. ಒಂದೊಂದು ಸೂಜಿ ಮುಗಿದಾಗಲೂ ಎದ್ದು ಹಾಲಿನಲ್ಲಿ ಎರಡು ಸುತ್ತು ನಡೆಯುತ್ತೇನೆ, ಬೆರಳು ಬಿಚ್ಚಿ ಮುಚ್ಚಿ ಮಾಡುತ್ತೇನೆ. ನಾಲ್ಕನೇ ಸೂಜಿಗೆ ಸಂಜೆ ಕಾಫಿ ಹೊತ್ತು. ಮಧ್ಯಾಹ್ನದ ನಿದ್ದೆಯನ್ನು ನಾನು ಬಿಡಲಿಲ್ಲ, ಅದೇ ಬಿಟ್ಟು ಹೋಯಿತು.

ತುಂಡು ಜೋಡಿಸುವಾಗ ಎಲ್ಲೋ ಹೋಗಿ ಬಂದ ಹಾಗೆ ಆಗುತ್ತದೆ. ಹಸಿರು ಟೂ ಬೈ ಟೂ ಮಗಳ ಬಾಣಂತನದಲ್ಲಿ ಬಂದದ್ದು. ಬೂದು ಬಣ್ಣದ ಕಾಟನ್ ಸೀರೆಯನ್ನು ನಾನು ರಾತ್ರಿ ಪಾಳಿಗೆ ಉಡುತ್ತಿದ್ದೆ. ಅದರ ಭುಜದ ಭಾಗದಲ್ಲಿ ಪಿನ್ ಚುಚ್ಚಿ ಚುಚ್ಚಿ ಆದ ಸಣ್ಣ ತೂತುಗಳು ಈಗಲೂ ಇವೆ. ಅದನ್ನು ತಿರುವಿ ಹಾಕದೆ ತೂತು ಕಾಣುವ ಹಾಗೇ ಇಟ್ಟೆ. ಸರಿಯಾಗಿ ನಡುವಿಗೆ ಅವ್ವನ ಇಳಕಲ್ ಸೀರೆಯ ಒಂದು ಚೂರು, ಕೆಂಪು ಸೆರಗಿನ ಮೇಲಿನ ಬಿಳಿ ತೆನೆ. ಆ ಸೀರೆ ಉಡಲು ಬರುತ್ತಿರಲಿಲ್ಲ, ಕೈ ಹಾಕಿದರೆ ಪಿಸಿಯುತ್ತಿತ್ತು. ಹಿಂದೆ ಮೂರು ಪದರ ಆಧಾರ ಸಿಕ್ಕಿದ ಮೇಲೆ ಗಟ್ಟಿಯಾಗಿ ನಿಂತಿದೆ.

ಚಿಕ್ಕಪೇಟೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಸಾಮಾನು, ಬೆಲೆ, ಕೈಯಲ್ಲಿ ಮುಟ್ಟಿ ನೋಡುವ ಸೌಕರ್ಯ, ಬಿಡಿಯಾಗಿ ಕೊಡುವ ಅಂಗಡಿಗಳು, ಇವಕ್ಕೆಲ್ಲ ನಾಲ್ಕು. ಒಂದು ಅಂಕ ಕಡಿದದ್ದು ಕೂರಲು ಒಂದು ಸ್ಟೂಲೂ ಇಲ್ಲದ್ದಕ್ಕೆ. ನಿಂತೇ ನೋಡಬೇಕು, ನಿಂತೇ ಆರಿಸಬೇಕು. ಸೊಂಟ ಹಿಡಿಯುತ್ತದೆ. ಮುಜುಗರ ಪಡದೆ ಕೇಳಿ. ಎರಡನೇ ಸಲ ಹೋದಾಗ ನಾನು ಕೇಳಿದೆ, ಅವರು ದಾರದ ಡಬ್ಬಿ ಇಳಿಸಿ ಅದು ಇದ್ದ ಸ್ಟೂಲನ್ನೇ ಕೊಟ್ಟರು.

ಕೌದಿ ಮುಗಿಯಲು ಎರಡೂವರೆ ತಿಂಗಳು ಹಿಡಿಯಿತು. ಕೊನೆಯ ಚೂರು ಮುಚ್ಚುವ ದಿನ ಮಗಳೂ ಮೈಸೂರಿನಿಂದ ಬಂದಿದ್ದಳು. “ಕೌದಿ ಉಪವಾಸ ಇರಬಾರದವ್ವಾ” ಎಂದು ಅವ್ವ ಕೊನೆಯ ತುಂಡಿನ ಒಳಗೆ ನಾಲ್ಕು ಕಾಳು ಅಕ್ಕಿ ಹಾಕಿ ಹೊಲಿಯುತ್ತಿದ್ದಳು. ನಾನೂ ಡಬ್ಬಿಯಿಂದ ನಾಲ್ಕು ಕಾಳು ತಂದೆ. ಮಗಳು ಹಾಕಿದಳು, ನಾನು ಮುಚ್ಚಿದೆ. ಆರನೇ ಸೂಜಿಯಲ್ಲಿ ಇನ್ನೂ ಒಂದು ಗೇಣು ದಾರ ಉಳಿದಿತ್ತು.

ಅದನ್ನು ಹೊದ್ದುಕೊಳ್ಳುತ್ತಿರುವುದು ನಾನೇ. ಯಾರಿಗೂ ಕೊಡುವುದಿಲ್ಲ. ಮಗಳಿಗೆ ಬೇರೆ ಶುರುವಾಗಿದೆ, ಅವಳು ಆರಿಸಿದ ಸೀರೆ ಬಿಳಿ, ದಾರ ಕಪ್ಪು. ಮುಂದಿನ ಮಂಗಳವಾರ ಹೋಗಿ ಮೂರು ಉಂಡೆ ತರಬೇಕು. ಆಂಕರ್‌ನಲ್ಲಿ ಕಪ್ಪಿನ ನಂಬರ್ 403.